ದಾರ ಕೊಳ್ಳುವ ಮೊದಲು ನೀರು ಅಳೆಯಿರಿ

ಕಳೆದ ವಾರ ಭಾರತೀನಗರದ ಟೀ ಅಂಗಡಿಯಲ್ಲಿ ಪರಿಚಯದ ಹುಡುಗನೊಬ್ಬ ಸಿಕ್ಕಿದ. ಬೆಂಗಳೂರಿನಲ್ಲಿ ಕೆಲಸ, ಶನಿವಾರ ಬಂತೆಂದರೆ ಊರು. ಫೋನಿನಲ್ಲಿ ನಾಲ್ಕು ಫ್ಲೈ ಲೈನ್‌ಗಳ ಚಿತ್ರ ತೆರೆದು ನನ್ನ ಮುಂದೆ ಹಿಡಿದ. “ಅಣ್ಣಾ, ಇದ್ರಲ್ಲಿ ಯಾವ್ದು ತಗೊಳ್ಲಿ? ಎಲ್ಲಾನೂ ಮುಳುಗೋ ಲೈನೇ ಅಂತೆ. ಒಂದ್ರ ಮೇಲೆ ಮೂರು ಅಂತೈತೆ, ಇನ್ನೊಂದ್ರ ಮೇಲೆ ಆರು ಅಂತೈತೆ. ನಂಗೆ ಹೊಳೇಗೂ ಆಗ್ಬೇಕು, ಕಾರವಾರಕ್ಕೆ ಹೋದಾಗ ಅಲ್ಲಿಗೂ ಆಗ್ಬೇಕು.” ನಾನು ತಿರುಗಿ ಕೇಳಿದೆ: “ನೀನು ಗಾಣ ಹಾಕೋ ಜಾಗದಲ್ಲಿ ನೀರು ಎಷ್ಟು ಆಳ ಐತಪ್ಪ? ಎಷ್ಟು ಜೋರಾಗಿ ಹರೀತೈತೆ?” ಅವನ ಹತ್ತಿರ ಉತ್ತರ ಇರಲಿಲ್ಲ.

ಈ ಒಂದು ವರ್ಷದಲ್ಲಿ ಇದೇ ಪ್ರಶ್ನೆ ಹಿಡಿದು ನನ್ನಲ್ಲಿಗೆ ಬಂದವರು ಹಲವರು. ಮದ್ದೂರಿನ ಕಡೆಯವರು, ಮಳವಳ್ಳಿಯ ಕಡೆಯವರು, ಅಮೆರಿಕದಿಂದ ರಾಡು ತಂದ ಮಗನಿಗಾಗಿ ಕೇಳಿದ ಒಬ್ಬ ತಂದೆ. ಎಲ್ಲರೂ ದಾರದ ಬೆಲೆ ಹೇಳುತ್ತಾರೆ, ಬಣ್ಣ ಹೇಳುತ್ತಾರೆ, ಹಿಡಿಯಬೇಕೆಂದಿರುವ ಮೀನಿನ ಹೆಸರನ್ನೂ ಹೇಳುತ್ತಾರೆ. ನೀರಿನ ಬಗ್ಗೆ ಮಾತ್ರ ಯಾರೂ ಹೇಳುವುದಿಲ್ಲ. ಮುಳುಗುವ ದಾರದ ಆಯ್ಕೆ ನಡೆಯುವುದು ಅಂಗಡಿಯಲ್ಲಲ್ಲ, ಹೊಳೆಯ ದಡದಲ್ಲಿ. ಇವತ್ತು ಆ ದಡಕ್ಕೇ ಹೋಗಿ ಮಾತಾಡೋಣ.

ಫ್ಲೈ ಗಾಳ ನೋಡದವರಿಗಾಗಿ ಮೊದಲು ಒಂದು ಮಾತು. ನಮ್ಮ ಕಡೆ ಗಾಣ ಹಾಕುವಾಗ ಭಾರವೆಲ್ಲ ದಾರದ ತುದಿಯಲ್ಲಿರುತ್ತದೆ. ಸೀಸದ ಗುಂಡನ್ನೋ ರಾಗಿ ಉಂಡೆಯನ್ನೋ ಬೀಸಿ ಎಸೆದರೆ ದಾರ ಅದರ ಹಿಂದೆ ಓಡುತ್ತದೆ. ಫ್ಲೈ ಗಾಳದಲ್ಲಿ ಇದು ತಲೆಕೆಳಗು. ತುದಿಯಲ್ಲಿರುವುದು ಹಕ್ಕಿಪುಕ್ಕ, ನೂಲು, ಕೂದಲು ಸುತ್ತಿ ಕಟ್ಟಿದ ಒಂದು ಹುಳ; ಊದಿದರೆ ಹಾರಿಹೋಗುವಷ್ಟು ಹಗುರ. ಅದನ್ನು ಎಸೆಯಲು ಆಗುವುದಿಲ್ಲ. ಎಸೆಯುವುದು ದಾರವನ್ನೇ. ಅದಕ್ಕಾಗಿ ಆ ದಾರ ದಪ್ಪ, ಮೇಲೆ ಪ್ಲಾಸ್ಟಿಕ್ಕಿನ ಲೇಪ. ಎಂಟನೇ ನಂಬರಿನ ಲೈನ್ ಎಂದರೆ ಅದರ ಮೊದಲ 30 ಅಡಿಯ ತೂಕ 210 ಗ್ರೇನ್, ನಮ್ಮ ಲೆಕ್ಕದಲ್ಲಿ ಸುಮಾರು 13.6 ಗ್ರಾಂ. ಆ ನಂಬರು ರಾಡಿನ ನಂಬರಿಗೆ ಹೊಂದಬೇಕು. ಇದು ಎಸೆಯುವ ತೂಕದ ಲೆಕ್ಕ. ಡಬ್ಬದ ಮೇಲೆ ಇನ್ನೊಂದು ಅಂಕಿ ಇರುತ್ತದೆ, ಟೈಪ್ 3, ಟೈಪ್ 6 ಎಂದು. ಅದು ಮುಳುಗುವ ವೇಗದ ಲೆಕ್ಕ. ಟೈಪ್ 3 ಸೆಕೆಂಡಿಗೆ ಸುಮಾರು ಮೂರು ಇಂಚು ಇಳಿಯುತ್ತದೆ, ಟೈಪ್ 6 ಸುಮಾರು ಆರು ಇಂಚು. ಇಂಟರ್‌ಮೀಡಿಯೇಟ್ ಎಂಬುದು ಒಂದರಿಂದ ಎರಡು ಇಂಚು, ತೀರಾ ನಿಧಾನ. ಟೀ ಅಂಗಡಿಯ ಹುಡುಗ ಈ ಎರಡು ಅಂಕಿಗಳನ್ನು ಒಂದೇ ಎಂದುಕೊಂಡಿದ್ದ. ಹೊಸಬರೆಲ್ಲ ಮೊದಲು ಎಡವುವುದು ಇಲ್ಲಿಯೇ.

ಮುಳುಗುವ ವೇಗ ಯಾಕೆ ಇಷ್ಟು ಮುಖ್ಯ ಎಂಬುದನ್ನು ನಾನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ನನ್ನ ಸೋದರಮಾವನಿಂದ ಕಲಿತೆ. ಶಿಂಷಾ ಹೊಳೆಯ ಮಡುಗಳಲ್ಲಿ ಗೆಂಡೆ ಮೀನು ಹಿಡಿಯುವುದರಲ್ಲಿ ಅವರದು ಎತ್ತಿದ ಕೈ. ಬೇಯಿಸಿ ಗಟ್ಟಿಮಾಡಿದ ರಾಗಿ ಉಂಡೆ ಅವರ ಎರೆ. ಕೊಕ್ಕೆಯಿಂದ ಒಂದು ಮೊಳ ಮೇಲೆ ತೆಳುವಾದ ಸೀಸದ ತಗಡನ್ನು ದಾರಕ್ಕೆ ಬಳ್ಳಿಯ ಹಾಗೆ ಸುತ್ತುತ್ತಿದ್ದರು. ಗುಂಡು ಕಟ್ಟಿದರೆ ಬಂಡೆಯ ಸಂದಿಗೆ ಸಿಕ್ಕಿಕೊಳ್ಳುತ್ತದೆ, ಸುತ್ತಿದ ಸೀಸ ಜಾರಿ ಬರುತ್ತದೆ. ಉಂಡೆ ನೀರಿಗೆ ಬಿದ್ದ ಕೂಡಲೇ ಕಣದ ರಾಶಿಯಲ್ಲಿ ರಾಗಿ ಅಳೆಯುವಾಗಿನಂತೆ ಎಣಿಕೆ ಶುರು: “ಲಾಭ, ಎರಡು, ಮೂರು…” ಒಂದು ಎನ್ನುವ ಹಾಗಿಲ್ಲ, ಲಾಭ ಎನ್ನಬೇಕು. ಏಳಕ್ಕೆ ದಾರ ಸಡಿಲವಾದರೆ ತಳ ಮುಟ್ಟಿತು ಎಂದು ಅರ್ಥ. ಮುಂದಿನ ಎಸೆತಕ್ಕೆ ಸ್ವಲ್ಪ ಸೀಸ ಬಿಚ್ಚುತ್ತಿದ್ದರು ಅಥವಾ ಐದಕ್ಕೇ ದಾರ ಬಿಗಿ ಮಾಡುತ್ತಿದ್ದರು. “ಮೀನು ಎಲ್ಲೈತೆ ಅಂತ ಆಮೇಲೆ ಕೇಳು ಮಗ, ನಿನ್ನ ಉಂಡೆ ಎಲ್ಲೈತೆ ಅಂತ ಮೊದ್ಲು ತಿಳ್ಕೊ” ಎನ್ನುತ್ತಿದ್ದರು. ಇವತ್ತಿನ ಮುಳುಗುವ ಫ್ಲೈ ಲೈನ್ ಮಾಡುವುದೂ ಇದನ್ನೇ. ಸೀಸದ ತಗಡಿನ ಬದಲು ಟಂಗ್‌ಸ್ಟನ್ ಪುಡಿಯನ್ನು ಲೇಪದಲ್ಲಿ ಬೆರೆಸುತ್ತಾರೆ. ಸೀಸ ನೀರಿಗಿಂತ 11 ಪಟ್ಟು ಭಾರ, ಟಂಗ್‌ಸ್ಟನ್ 19 ಪಟ್ಟು. ಪುಡಿ ಎಷ್ಟು ಹೆಚ್ಚೋ ಇಳಿಯುವ ವೇಗ ಅಷ್ಟು ಹೆಚ್ಚು.

ಈಗ ಒಂದು ಸಣ್ಣ ಲೆಕ್ಕ ಹಾಕೋಣ. ನಮ್ಮ ಕಡೆ ನೀರನ್ನು ಆಳಿನಲ್ಲಿ ಅಳೆಯುತ್ತಾರೆ. ಒಂದಾಳು ನೀರು ಎಂದರೆ ಹೆಚ್ಚುಕಡಿಮೆ ಆರು ಅಡಿ, 72 ಇಂಚು. ನಿಂತ ನೀರಿನಲ್ಲಿ ಟೈಪ್ 6 ದಾರ ಆ ಆಳ ಮುಟ್ಟಲು 12 ಸೆಕೆಂಡು ಬೇಕು. ಟೈಪ್ 3ಕ್ಕೆ 24 ಸೆಕೆಂಡು. ಒಂದೂವರೆ ಇಂಚಿನ ಇಂಟರ್‌ಮೀಡಿಯೇಟ್‌ಗೆ 48 ಸೆಕೆಂಡು. ಕೆರೆಯಲ್ಲಾದರೆ ಇದರಿಂದ ನಷ್ಟವಿಲ್ಲ, ಕಾಯಬಹುದು. ಹೊಳೆ ಕಾಯುವುದಿಲ್ಲ. ಎತ್ತಿನ ಗಾಡಿ ಹೋಗುವಷ್ಟು ವೇಗದಲ್ಲಿ ನೀರು ಹರಿಯುತ್ತಿದೆ ಎಂದುಕೊಳ್ಳಿ, ಸೆಕೆಂಡಿಗೆ ಮೂರು ಅಡಿ. ಟೈಪ್ 6 ತಳ ಮುಟ್ಟುವಷ್ಟರಲ್ಲಿ 36 ಅಡಿ ಕೆಳಕ್ಕೆ ಸಾಗಿರುತ್ತದೆ, ಟೈಪ್ 3 ಆದರೆ 72 ಅಡಿ. ಇಂಟರ್‌ಮೀಡಿಯೇಟ್ 144 ಅಡಿ ಸಾಗಬೇಕು. ಸಾಧಾರಣ ಕೈಯವರು ಎಸೆಯುವುದೇ 50–60 ಅಡಿ. ಅಂದರೆ ಆ ಹರಿವಿನಲ್ಲಿ ನಿಧಾನದ ದಾರ ತಳದ ಮೀನನ್ನು ಮುಟ್ಟುವುದೇ ಇಲ್ಲ. ಮೀನಿಗೆ ಹಸಿವಿಲ್ಲ ಎಂದು ಬೇಸರಪಟ್ಟು ಮನೆಗೆ ಹೋಗುವವರಲ್ಲಿ ಅರ್ಧ ಜನರ ಹುಳ ಮೀನಿನ ತಲೆಯ ಮೇಲೆ ಒಂದಾಳು ಎತ್ತರದಲ್ಲಿ ತೇಲಿಹೋಗಿರುತ್ತದೆ ಎಂಬುದು ನನ್ನ ಅನುಭವ.

ಡಬ್ಬದ ಅಂಕಿಯೂ ಹರಿವಿನಲ್ಲಿ ಪೂರ್ತಿ ನಿಜವಾಗುವುದಿಲ್ಲ. ದಾರ ಸಡಿಲವಾಗಿದ್ದು ನೀರಿನ ಜೊತೆಗೇ ಸಾಗುತ್ತಿರುವಷ್ಟು ಹೊತ್ತು ಅದು ಇಳಿಯುತ್ತದೆ. ಬಿಗಿಯಾದ ಕ್ಷಣವೇ ಹರಿವು ಅದನ್ನು ಗಾಳಿಪಟದ ಹಾಗೆ ಮೇಲಕ್ಕೆತ್ತುತ್ತದೆ. ಹೊಳೆಯ ನಡುವೆ ನೀರು ಜೋರು, ದಡದ ಹತ್ತಿರ ನಿಧಾನ. ಅಡ್ಡಕ್ಕೆ ಬಿದ್ದ ದಾರದ ಹೊಟ್ಟೆಯನ್ನು ನಡುನೀರು ಎಳೆದುಕೊಂಡು ಹೋದರೆ ಹುಳವೂ ಅದರ ಹಿಂದೆ ಓಡುತ್ತದೆ. ಅದಕ್ಕೇ ಮೀನು ನಿಂತ ಜಾಗಕ್ಕಿಂತ ಸಾಕಷ್ಟು ಮೇಲೆ ಎಸೆದು, ದಾರ ನೀರಿಗೆ ಬಿದ್ದೊಡನೆ ಅದರ ಹೊಟ್ಟೆಯನ್ನು ಮೇಲ್ಹರಿವಿನ ಕಡೆಗೆ ಎತ್ತಿ ಹಾಕಬೇಕು. ತೇಲುವ ದಾರವನ್ನು ಹೀಗೆ ಎಷ್ಟು ಸಲ ಬೇಕಾದರೂ ಎತ್ತಿ ಹಾಕಬಹುದು. ಪೂರ್ತಿ ಮುಳುಗುವ ದಾರಕ್ಕೆ ಸಿಗುವುದು ಒಂದೇ ಅವಕಾಶ, ಅದೂ ಬಿದ್ದ ಮೊದಲ ಕ್ಷಣದಲ್ಲಿ. ಆದ್ದರಿಂದ ಹರಿಯುವ ಹೊಳೆಗೆ ನಾನು ಹೇಳುವುದು ಸಿಂಕ್ ಟಿಪ್. ಮುಂದಿನ ಹತ್ತು ಹದಿನೈದು ಅಡಿ ಮಾತ್ರ ಮುಳುಗುತ್ತದೆ, ಉಳಿದದ್ದು ತೇಲುತ್ತದೆ. ತೇಲುವ ಭಾಗ ನಿಮ್ಮ ಹತೋಟಿಯಲ್ಲಿರುತ್ತದೆ, ಮುಳುಗಿದ ತುದಿ ಮೀನಿನ ಹತ್ತಿರ ಇರುತ್ತದೆ.

ಹೊಳೆಯ ತಳದ ಮೇಲೆ ಇಷ್ಟು ಒತ್ತು ಯಾಕೆ ಎಂದರೆ, ಕಾವೇರಿಯ ದೊಡ್ಡ ಮೀನಿನ ಊಟ ಇರುವುದೇ ಅಲ್ಲಿ. ಮಶೀರ್, ನಮ್ಮ ಹೊಳೆಸಾಲಿನವರು ಬಿಳಿಮೀನು ಎನ್ನುವುದು, ಬಂಡೆಗಳ ನಡುವಿನ ಏಡಿ, ಚಿಪ್ಪಿನ ಹುಳುಗಳನ್ನು ಹುಡುಕಿ ತಿನ್ನುತ್ತದೆ. ಅವನ್ನು ಪುಡಿಮಾಡುವ ಹಲ್ಲು ಅದಕ್ಕೆ ಬಾಯಲ್ಲಿಲ್ಲ, ಗಂಟಲಲ್ಲಿದೆ. ರಭಸದ ನೀರಿನಲ್ಲೂ ತಳದ ಬಂಡೆಯ ಹಿಂದೆ ಹರಿವು ಮಂದ. ಮೀನು ಆ ಮರೆಯಲ್ಲಿ ನಿಂತು, ಮೇಲಿನಿಂದ ಕೊಚ್ಚಿಕೊಂಡು ಬರುವುದನ್ನು ಹಿಡಿಯುತ್ತದೆ. ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು 1946ರಲ್ಲಿ ಕಬಿನಿ ಹೊಳೆಯಲ್ಲಿ ಹಿಡಿದ ಮಶೀರ್ 120 ಪೌಂಡ್ ತೂಗಿತ್ತು, ಅಂದರೆ 54 ಕಿಲೋ. ಗಾಳದವರ ಮಾತಿನಲ್ಲಿ ಇವತ್ತಿಗೂ ಅದೇ ದಾಖಲೆ.

ಈ ಮೀನನ್ನು ಗಾಳದಲ್ಲಿ ಹಿಡಿಯುವ ವಿದ್ಯೆಯ ಬಗ್ಗೆ ಹೆಸರಾದ ಇಂಗ್ಲಿಷ್ ಪುಸ್ತಕ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ. ಬರೆದವರು ಎಚ್.ಎಸ್. ಥಾಮಸ್, ದಕ್ಷಿಣ ಕನ್ನಡದಲ್ಲಿ ಕೆಲಸ ಮಾಡಿದ ಬ್ರಿಟಿಷ್ ಅಧಿಕಾರಿ. ಹೊಳೆಗೆ ವಿಷ ಹಾಕಿ ಮರಿಮೀನುಗಳನ್ನು ಕೊಲ್ಲುವುದನ್ನು ತಡೆಯಬೇಕೆಂದು ವಾದಿಸಿದವರೂ ಅವರೇ. ಹಿಂದಿನ ಕಾಲದ ಫ್ಲೈ ಲೈನ್ ರೇಷ್ಮೆಯದು. ರೇಷ್ಮೆ ದಾರಕ್ಕೆ ಜಿಡ್ಡು ಸವರಿದರೆ ತೇಲುತ್ತದೆ. ಜಿಡ್ಡಿಲ್ಲದಿದ್ದರೆ ನೀರು ಕುಡಿದು ಮೆಲ್ಲಗೆ ಮುಳುಗುತ್ತದೆ. ಒಂದೇ ದಾರ ಎರಡು ಕೆಲಸಕ್ಕೂ ಆಗುತ್ತಿತ್ತು. ರೇಷ್ಮೆ ಹುಳು ಸಾಕುವ ಮಳವಳ್ಳಿ, ರಾಮನಗರ ಸೀಮೆಯ ನಮಗೆ ಈ ಸಂಗತಿ ಹತ್ತಿರದ್ದು ಎನಿಸುತ್ತದೆ. ಇಂದಿನ ಇಂಟರ್‌ಮೀಡಿಯೇಟ್ ದಾರ ಇಳಿಯುವ ಬಗೆ, ಜಿಡ್ಡು ಸವರದ ಆ ರೇಷ್ಮೆ ದಾರ ಇಳಿಯುತ್ತಿದ್ದ ಬಗೆಗೆ ಬಹಳ ಹತ್ತಿರ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮುತ್ತತ್ತಿ, ಭೀಮೇಶ್ವರಿ, ಗಾಳಿಬೋರೆ ಎಂದ ಕೂಡಲೇ ಮಶೀರ್ ನೆನಪಾಗುವುದು ಸಹಜ. ಆದರೆ ಅದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮದ ಸೀಮೆ. ಹಿಂದೆ ಅಲ್ಲಿ ಗಾಳದ ಶಿಬಿರಗಳಿದ್ದವು, ದೇಶವಿದೇಶದವರು ಬರುತ್ತಿದ್ದರು, ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೆ ಬಿಡುತ್ತಿದ್ದರು. ವನ್ಯಜೀವಿ ಕಾನೂನಿನಡಿ ಅದು ನಿಂತುಹೋಯಿತು. ಅಲ್ಲಿಗೆಂದು ಯಾರೂ ಲೈನ್ ಕೊಳ್ಳಬೇಡಿ. ಕದ್ದು ಗಾಳ ಹಾಕುವ ಯೋಚನೆಯನ್ನಂತೂ ಮಾಡಲೇಬೇಡಿ. ಕಾವೇರಿಯ ಡುಬ್ಬದ ಮಶೀರ್ ಇವತ್ತು ಅಳಿವಿನ ಅಂಚಿನಲ್ಲಿದೆ. 2018ರಲ್ಲಿ ವಿಜ್ಞಾನಿಗಳು ಇದು ಟಾರ್ ರೇಮಾದೇವಿ ಎಂಬ ಜಾತಿಯೇ ಎಂದು ಖಚಿತಪಡಿಸಿದರು. ಅದೇ ವರ್ಷ ಅದು ಅತಿ ಗಂಭೀರ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿತು. ಅದರ ಸಂಖ್ಯೆ ಕುಸಿದದ್ದು ಜಗತ್ತಿಗೆ ತಿಳಿದದ್ದಾದರೂ ಹೇಗೆ? ಗಾಳಿಬೋರೆ ಶಿಬಿರದಲ್ಲಿ ಗಾಳದವರು ಬರೆದಿಟ್ಟಿದ್ದ 1998ರಿಂದ 2012ರವರೆಗಿನ ಲೆಕ್ಕದ ಪುಸ್ತಕಗಳಿಂದ. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಶೀರ್ ಹೆಚ್ಚುತ್ತಾ ಹೋಗಿ, ಇಲ್ಲಿಯದೇ ಆದ ಡುಬ್ಬದ ಮಶೀರ್ ಇಳಿಯುತ್ತಾ ಹೋದದ್ದು ಆ ಪುಟಗಳಲ್ಲಿ ಕಂಡಿತು. ಹಿಡಿದದ್ದನ್ನು ಬರೆದಿಡುವ ಒಂದು ಸಣ್ಣ ಅಭ್ಯಾಸಕ್ಕೆ ಎಷ್ಟು ಬೆಲೆ ಇದೆ ನೋಡಿ. ನೀವೂ ಒಂದು ನೋಟ್ ಪುಸ್ತಕ ಇಟ್ಟುಕೊಳ್ಳಿ.

ಹಾಗಾದರೆ ಹೊಳೆಯಲ್ಲಿ ಎಲ್ಲಿ ಹಾಕುವುದು? ವನ್ಯಧಾಮದ ಹೊರಗೆ, ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ, ಬೇಕಾದ ಅನುಮತಿ ಪಡೆದು. ಕೆರೆಗಳನ್ನು ಸಾಮಾನ್ಯವಾಗಿ ಮೀನುಗಾರರ ಸಂಘಗಳಿಗೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ. ಅದು ಅವರ ಅನ್ನ. ಅವರನ್ನು ಕೇಳದೆ ದಾರ ಬಿಚ್ಚಬಾರದು. ಕೊಡಗಿನ ವಾಲ್ನೂರಿನ ಕಾವೇರಿಯಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಬಹಳ ವರ್ಷಗಳಿಂದ ಮಶೀರ್ ಕಾಯುವ ಕೆಲಸ ಮಾಡಿದೆ. ಅಲ್ಲಿ ಬೆಳೆದು ಬಂದದ್ದು ಪರವಾನಗಿ ಪಡೆದು ಹಿಡಿದು ಬಿಡುವ ಪದ್ಧತಿ. ನಮ್ಮ ಮದ್ದೂರು ಸೀಮೆಯ ಕೆರೆ, ಕಟ್ಟೆ, ಶಿಂಷೆಯ ನಿಧಾನ ಮಡುಗಳಲ್ಲಿ ಗೆಂಡೆ, ಕಾಟ್ಲಾ, ಜಿಲೇಬಿ ಮೀನುಗಳಿವೆ. ಕಲಿಯುವ ಕೈಗೆ ಅದಕ್ಕಿಂತ ಒಳ್ಳೆಯ ಶಾಲೆ ಬೇಡ. ಅಲ್ಲಿ ಹರಿವು ಕಡಿಮೆ, ಆಳ ಒಂದಾಳೋ ಎರಡಾಳೋ. ಅಲ್ಲಿಗೆ ಟೈಪ್ 6 ಹಾಕಿದರೆ ಹುಳ ಹೋಗಿ ಕೆಸರಿನಲ್ಲಿ ಕೂರುತ್ತದೆ. ಜೋಂಡು, ಕಳೆಗೆ ಸಿಕ್ಕಿ ದಿನವೆಲ್ಲ ಬಿಡಿಸುವುದೇ ಕೆಲಸವಾಗುತ್ತದೆ. ಇಂತಲ್ಲಿಗೆ ಇಂಟರ್‌ಮೀಡಿಯೇಟ್ ಸಾಕು.

ಇನ್ನು ಕರಾವಳಿ. ಹುಡುಗ ಕಾರವಾರ ಎಂದಿದ್ದ. ನಾನು ಹೆಚ್ಚು ದಿನ ಕಳೆದದ್ದು ಕುಮಟಾದ ಹತ್ತಿರ ಅಘನಾಶಿನಿ ಅಳಿವೆಯಲ್ಲಿ. ಅಣೆಕಟ್ಟೆಯೇ ಇಲ್ಲದೆ ಸಮುದ್ರ ಸೇರುವ ಹೊಳೆ ಅದು. ಆ ಅಳಿವೆ 2024ರಲ್ಲಿ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇಳಿತದ ಹೊತ್ತಿಗೆ ಹೆಂಗಸರು ಗಂಡಸರು ಸೊಂಟದ ಮಟ್ಟದ ನೀರಿಗಿಳಿದು ಚಿಪ್ಪಿ ಆರಿಸುವುದನ್ನು ನೋಡಿದರೆ ಆ ನೀರಿನ ಒಂದು ಗುಟ್ಟು ತಿಳಿಯುತ್ತದೆ: ಅಲ್ಲಿ ಆಳ ಎಂಬುದು ಸ್ಥಿರವಲ್ಲ. ಸುಮಾರು ಆರು ಗಂಟೆ ಭರತ, ಆರು ಗಂಟೆ ಇಳಿತ. ಹೊತ್ತು ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಏರಿಳಿತ ದೊಡ್ಡದು, ನೀರಿನ ಓಟವೂ ಜೋರು. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಸಪ್ಪೆ. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿದರೆ ಯಾವ ದಾರ ಒಯ್ಯಬೇಕು ಎಂಬುದರ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.

ಕೊಲ್ಲಿಯಲ್ಲಿ, ಅಳಿವೆಯ ಅಗಲ ನೀರಿನಲ್ಲಿ ಬೇಟೆಮೀನು ಸಣ್ಣ ಮೀನುಗಳನ್ನು ಅಟ್ಟುವುದು ಬಹುಪಾಲು ಮೇಲಿನ ನಾಲ್ಕೈದು ಅಡಿಯಲ್ಲಿ. ಅಲೆ ಇದೆ, ಗಾಳಿ ಇದೆ. ತೇಲುವ ದಾರ ಅಲೆಯ ಮೇಲೆ ಕುಣಿಯುತ್ತದೆ. ಅದು ಕುಣಿದಾಗಲೆಲ್ಲ ಕೈಗೂ ಹುಳಕ್ಕೂ ನಡುವಿನ ಬಿಗಿ ತಪ್ಪುತ್ತದೆ. ಇಂಟರ್‌ಮೀಡಿಯೇಟ್ ದಾರ ಅಲೆಯ ಅಡಿಗೆ ಒಂದು ಗೇಣು ಇಳಿದು ನೇರವಾಗಿ ನಿಲ್ಲುತ್ತದೆ. ಇಪ್ಪತ್ತು ಎಣಿಸಿದರೆ ಎರಡೂವರೆ ಅಡಿ, ನಲವತ್ತು ಎಣಿಸಿದರೆ ಐದು ಅಡಿ. ಕೊಲ್ಲಿಯ ಬಹುಪಾಲು ಕೆಲಸ ಅಷ್ಟರಲ್ಲೇ ಮುಗಿಯುತ್ತದೆ. ಉಪ್ಪುನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಪಾಲು ಭಾರವಾದ್ದರಿಂದ ದಾರ ಕೊಂಚ ನಿಧಾನವಾಗಿ ಇಳಿಯುತ್ತದೆ. ಎಣಿಕೆಗೆ ಒಂದೆರಡು ಸೇರಿಸಿಕೊಂಡರೆ ಸರಿ. ಟೈಪ್ 6 ಬೇಕಾಗುವುದು ಎರಡು ಜಾಗದಲ್ಲಿ: ಇಳಿತದ ನೀರು ಕಿರಿದಾದ ಬಾಯಲ್ಲಿ ನುಗ್ಗಿ ಹೊರಹೋಗುವಲ್ಲಿ, ಮತ್ತು ದೋಣಿಗಳು ಓಡಾಡುವ ಆಳದ ಜಾಡಿನಲ್ಲಿ. ಅಲ್ಲಿ ಕೆಂಬೇರಿಯಂಥ ಮೀನು ತಳದ ಬಂಡೆ, ಕಂಬಗಳ ಬುಡ ಬಿಟ್ಟು ಮೇಲೆ ಬರಲು ಒಲ್ಲದು. ಅದರ ಮನೆ ಬಾಗಿಲಿಗೇ ಹುಳ ಇಳಿಯಬೇಕು. ಕೊಲ್ಲಿಗೆ ಸಿಂಕ್ ಟಿಪ್ ನನಗೆ ಅಷ್ಟು ಹಿಡಿಸದು. ತೇಲುವ ಭಾಗ ಅಲೆಗೆ ಸಿಕ್ಕಿ, ಮುಳುಗಿದ ತುದಿಯನ್ನೂ ಎಳೆದಾಡುತ್ತದೆ. ಹೊಳೆಯಲ್ಲಿ ಗುಣವಾದದ್ದೇ ಇಲ್ಲಿ ದೋಷವಾಗುತ್ತದೆ.

ದಾರ ಸರಿಯಾದದ್ದು ಕೊಂಡೂ ಮೀನು ತಪ್ಪಿಸಿಕೊಳ್ಳುವವರಿದ್ದಾರೆ. ಕಾರಣ ಹೆಚ್ಚಾಗಿ ಲೀಡರ್. ಫ್ಲೈ ಲೈನಿನ ತುದಿಗೆ ಕಟ್ಟುವ ಸಣ್ಣ ನೈಲಾನ್ ಎಳೆಗೆ ಈ ಹೆಸರು. ತೇಲುವ ಲೈನಿಗೆ ಒಂಬತ್ತು ಅಡಿ ಕಟ್ಟುವುದು ರೂಢಿ. ಆ ರೂಢಿಯಲ್ಲೇ ಮುಳುಗುವ ಲೈನಿಗೂ ಒಂಬತ್ತು ಅಡಿ ಕಟ್ಟಿದರೆ ಲೈನ್ ತಳದಲ್ಲಿ, ಹುಳ ಮೇಲೆ. ದುಡ್ಡು ಕೊಟ್ಟು ಕೊಂಡ ಆಳ ವ್ಯರ್ಥ. ಮೂರರಿಂದ ಐದು ಅಡಿ ಸಾಕು, ಮುಳುಗುವ ತುದಿಯ ಹತ್ತಿರ ಮೀನು ಬೆದರುವುದಿಲ್ಲ. ಇನ್ನೊಂದು ವಿಷಯ ದಾರದ ಹೊಟ್ಟೆ ಜೋತುಬೀಳುವುದು. ದಪ್ಪ ಭಾಗ ಬೇಗ ಇಳಿಯುತ್ತದೆ, ತೆಳು ತುದಿ ಹಿಂದೆ ಬೀಳುತ್ತದೆ. ನೀರಿನೊಳಗೆ ದಾರ ಬಟ್ಟೆ ಒಣಹಾಕಿದ ಹಗ್ಗದಂತೆ ಬಾಗುತ್ತದೆ. ಮೀನು ಕಚ್ಚಿದ್ದು ಆ ಬಾಗನ್ನು ದಾಟಿ ಕೈಗೆ ಬರುವಷ್ಟರಲ್ಲಿ ಉಗುಳಿ ಹೋಗಿರುತ್ತದೆ. ತುದಿಗೆ ಹೆಚ್ಚು ಟಂಗ್‌ಸ್ಟನ್ ಸೇರಿಸಿ, ಇಡೀ ದಾರ ಒಂದೇ ಸಮ ಇಳಿಯುವಂತೆ ಮಾಡಿದ ಲೈನ್‌ಗಳಿವೆ. ಡಬ್ಬದ ಮೇಲೆ ಡೆನ್ಸಿಟಿ ಕಾಂಪೆನ್ಸೇಟೆಡ್ ಎಂದಿರುತ್ತದೆ. ಪೂರ್ತಿ ಮುಳುಗುವ ಲೈನ್ ಕೊಳ್ಳುವುದಾದರೆ ಈ ಎರಡು ಪದ ನೋಡಿ ಕೊಳ್ಳಿ, ಕೊಂಚ ಹೆಚ್ಚು ಕೊಟ್ಟರೂ ಚಿಂತೆಯಿಲ್ಲ.

ಇನ್ನೊಂದು ಪಾಠಕ್ಕೆ ನಾನು ಹಣ ತೆತ್ತಿದ್ದೇನೆ. ವರ್ಷಗಳ ಹಿಂದೆ ಒಂದು ಅಂಗಡಿಯವರ ಮಾತು ನಂಬಿ ಚಳಿದೇಶದ ಹೊಳೆಗಳಿಗೆ ಮಾಡಿದ ಲೈನ್ ತಂದೆ. ಕೆರೆಯ ಮೇಲೆ ಮುಂಜಾನೆ ಚೆನ್ನಾಗಿಯೇ ಇತ್ತು. ಅಘನಾಶಿನಿಯ ಏಪ್ರಿಲ್ ಬಿಸಿಲಿನಲ್ಲಿ, ಹತ್ತು ಗಂಟೆಯ ಹೊತ್ತಿಗೆ, ಬೆಂದ ಶ್ಯಾವಿಗೆಯ ಹಾಗೆ ಮೆತ್ತಗಾಯಿತು. ರಾಡಿನ ಬಳೆಗಳಿಗೆ ಅಂಟಿಕೊಂಡು ಮುಂದೆ ಓಡಲಿಲ್ಲ, ದೋಣಿಯಲ್ಲಿ ಗೋಜಲಾಗಿ ಬಿತ್ತು. ಎರಡು ದಿನದ ಪ್ರಯಾಣ ಹಾಳಾಯಿತು. ಲೇಪವನ್ನೂ ಒಳಗಿನ ನೂಲನ್ನೂ ಬಿಸಿ ಸೀಮೆಗೆಂದು ಗಟ್ಟಿಯಾಗಿ ಮಾಡಿದ ಲೈನ್‌ಗಳು ಬೇರೆಯೇ ಇವೆ, ಅವುಗಳ ಮೇಲೆ ಟ್ರಾಪಿಕಲ್ ಎಂದು ಬರೆದಿರುತ್ತದೆ. ಮಂಡ್ಯದ ಬೇಸಿಗೆಗೂ ಕರಾವಳಿಗೂ ಬೇಕಾದದ್ದು ಅದು. ಕೊಡಗಿನ ಡಿಸೆಂಬರ್ ಮುಂಜಾವಿಗೆ ಆ ದಾರ ಸ್ವಲ್ಪ ಸುರುಳಿ ಹಿಡಿಯಬಹುದು. ಎರಡು ಕೈಯಲ್ಲಿ ಹಿಡಿದು ಎಳೆದು ನೆಟ್ಟಗೆ ಮಾಡಿದರೆ ಸರಿಹೋಗುತ್ತದೆ. ಉಪ್ಪುನೀರಿನಿಂದ ಬಂದ ದಿನವೇ ಸಿಹಿನೀರಿನಲ್ಲಿ ತೊಳೆಯಿರಿ. ಸೊಳ್ಳೆಗೆಂದು ಕೈಗೆ ಹಚ್ಚಿದ ಮುಲಾಮು ಲೇಪವನ್ನು ತಿನ್ನುತ್ತದೆ, ಅಂಗೈ ಒರೆಸಿಕೊಂಡು ದಾರ ಮುಟ್ಟಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಲೈನ್ ಬಿಡಬೇಡಿ.

ಎಸೆಯುವುದರ ಬಗ್ಗೆಯೂ ಒಂದು ಎಚ್ಚರ. ಮುಳುಗಿದ ದಾರವನ್ನು ಒಂದೇ ಏಟಿಗೆ ಮೇಲೆತ್ತಲು ಹೋಗಬೇಡಿ. ಬಾವಿಯಲ್ಲಿ ನೆನೆದ ಹಗ್ಗವನ್ನು ಎತ್ತಿದಷ್ಟು ಭಾರ ಅದು, ರಾಡು ಮುರಿದ ಉದಾಹರಣೆಗಳುಂಟು. ಮೊದಲು ಬಹುಪಾಲು ದಾರ ಒಳಕ್ಕೆ ಎಳೆದುಕೊಳ್ಳಿ, ಉಳಿದದ್ದನ್ನು ಮುಂದಕ್ಕೆ ಉರುಳುವಂತೆ ಎಸೆದು ನೀರಿನ ಮೇಲೆ ತನ್ನಿ, ಆಮೇಲೆ ಬೀಸಿ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಹಾಕಿದರೆ ಬಿಡುವ ಮೀನಿಗೂ ಒಳ್ಳೆಯದು, ಬೀಸುವ ನಿಮ್ಮ ಕಿವಿಗೂ ಒಳ್ಳೆಯದು. ಶಿಂಷಾ, ಕಾವೇರಿಗಳಲ್ಲಿ ಮೇಲಿನಿಂದ ನೀರು ಬಿಟ್ಟಾಗ ಮಟ್ಟ ಏಕಾಏಕಿ ಏರುತ್ತದೆ, ಮುತ್ತತ್ತಿಯ ಸುಳಿಗಳು ನುಂಗಿದ ಜೀವಗಳ ಲೆಕ್ಕ ನಮ್ಮ ಜಿಲ್ಲೆಯವರಿಗೆ ಬೇರೆ ಹೇಳಬೇಕಿಲ್ಲ. ಉದ್ದ ಎಸೆಯಲೆಂದು ಯಾರೂ ನೀರಿಗಿಳಿಯಬೇಡಿ. ದಡದಿಂದ ಮುಟ್ಟದ ಮೀನು ನಿಮ್ಮದಲ್ಲ.

ಈಗ ಟೀ ಅಂಗಡಿಯ ಹುಡುಗನಿಗೆ ನಾನು ಕೊಟ್ಟ ಉತ್ತರ. “ಒಂದೇ ಲೈನ್ ತಗೊಳ್ಳೋ ಹಾಗಿದ್ರೆ ಬಿಸಿ ಸೀಮೆಯ ಇಂಟರ್‌ಮೀಡಿಯೇಟ್ ತಗೊ. ಕೆರೆಗಾಯ್ತು, ನಿಧಾನದ ಮಡುಗಾಯ್ತು, ಕಾರವಾರದ ಕೊಲ್ಲಿಗಾಯ್ತು. ಎರಡನೇದು ತಗೊಳ್ಳೋ ಕಾಲಕ್ಕೆ ಹರಿಯೋ ಹೊಳೆಗೆ ಸಿಂಕ್ ಟಿಪ್. ಟೈಪ್ 6 ಕೊನೆಗಿರಲಿ, ಅದು ಬೇಕು ಅಂತ ನಿನ್ನ ನೀರೇ ಹೇಳಿದಾಗ.” ಇದರ ಜೊತೆ ಒಂದು ಕೆಲಸವನ್ನೂ ಹಚ್ಚಿದೆ. ಅದನ್ನೇ ನಿಮಗೂ ಹೇಳುತ್ತೇನೆ. ಒಂದು ಕಲ್ಲಿಗೆ ಹುರಿ ಕಟ್ಟಿ, ಅಡಿಗೊಂದರಂತೆ ಗಂಟು ಹಾಕಿ. ಸೇತುವೆಯಿಂದಲೋ ಬಂಡೆಯ ಮೇಲಿಂದಲೋ ಇಳಿಬಿಟ್ಟು ಆಳ ನೋಡಿ. ಒಂದು ಹೊಂಗೆ ಎಲೆಯನ್ನು ನೀರಿಗೆ ಹಾಕಿ, ಅದು ಮೂವತ್ತು ಅಡಿ ಸಾಗಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಎಣಿಸಿ. ಹತ್ತು ಸೆಕೆಂಡು ಹಿಡಿದರೆ ಅದೇ ನಾನು ಹೇಳಿದ ಎತ್ತಿನ ಗಾಡಿಯ ವೇಗ, ಇಪ್ಪತ್ತಾದರೆ ಅದರ ಅರ್ಧ. ಈ ಎರಡು ಅಂಕಿ ನೋಟ್ ಪುಸ್ತಕದಲ್ಲಿ ಬರೆದುಕೊಂಡ ಮೇಲೆ ಡಬ್ಬದ ಮೇಲಿನ ಅಂಕಿಗಳು ತಾವಾಗಿಯೇ ಅರ್ಥವಾಗುತ್ತವೆ.

ಭಾನುವಾರ ಸಂಜೆ ಆ ಹುಡುಗ ಫೋನ್ ಮಾಡಿದ್ದ. ಅವನು ನೋಡಿದ ಮಡು ಒಂಬತ್ತು ಅಡಿ, ಎಲೆ ಮೂವತ್ತು ಅಡಿ ಸಾಗಲು ನಲವತ್ತು ಸೆಕೆಂಡು. ಲೈನ್ ಇನ್ನೂ ಕೊಂಡಿಲ್ಲ, ಆದರೆ ಈ ಸಲ ಯಾವುದು ಎಂದು ನನ್ನನ್ನು ಕೇಳಲಿಲ್ಲ. ಲಾಭ ಎಂದು ಎಣಿಕೆ ಶುರುಮಾಡುವ ಮೊದಲು ನೀವೂ ನಿಮ್ಮ ನೀರಿನ ಹತ್ತಿರ ಒಂದು ಗಂಟೆ ಸುಮ್ಮನೆ ಕುಳಿತು ಬನ್ನಿ.